ಸಿಡಿಲಿನ ತಲೆಗೆ ಕಟ್ಟಿದ ದೂರು

ಕಳೆದ ತಿಂಗಳು ನಾರಾವಿಯ ಆಚೆಗಿನ ನಮ್ಮ ಹಳೆಯ ಊರಿಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಎಡಕ್ಕೆ ಕುಳಿತವರು ಬಲಕ್ಕೆ ಕುಳಿತವರಿಗೆ, ನನ್ನ ಎಲೆಯ ಮೇಲಿನಿಂದಲೇ, ಒಂದು ಕತೆ ಹೇಳಿದರು. ಹಿಂದೊಂದು ವರ್ಷ, ಮಳೆಗಾಲಕ್ಕೆ ಮುಂಚಿನ ಗುಡುಗಿನ ದಿನಗಳಲ್ಲಿ, ಸಿಡಿಲು ಬಡಿದು ಊರಿನ ವೈಫೈ ಪೆಟ್ಟಿಗೆಗಳೆಲ್ಲ ಕೆಟ್ಟುಹೋದವಂತೆ. ಮಂಗಳೂರಿನಿಂದ ಒಬ್ಬ ದೊಡ್ಡ ಇಂಜಿನಿಯರು ಕಾರಿನಲ್ಲಿ ಬಂದು, ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಸರಿಪಡಿಸಿ, ಊಟವನ್ನೂ ಮಾಡದೆ ಹೊರಟುಹೋದನಂತೆ. ಬಲಬದಿಯವರು, "ಸಿಡಿಲು ಅಲ್ಲ ಮಾರಾಯ್ರೆ, ಅದು ಹೊರದೇಶದವರು ಉಪಗ್ರಹದಿಂದ ಮಾಡಿದ್ದು" ಎಂದು ತಿದ್ದಿದರು. ಎಡಬದಿಯವರು ಒಪ್ಪಿಕೊಂಡು ಸಾರಿಗೆ ಕೈಹಾಕಿದರು.

ಸಿಡಿಲು ಬಡಿಯಲಿಲ್ಲ. ಉಪಗ್ರಹದ ಸಂಬಂಧವಿಲ್ಲ. ಇಂಜಿನಿಯರು ಬರಲಿಲ್ಲ. ಊಟಮಾಡದೆ ಹೋದದ್ದಂತೂ ಶುದ್ಧ ಸುಳ್ಳು. ಆ ಕೆಲಸ ಮಾಡಿದವರೆಲ್ಲ ಹೋಳಿಗೆಯನ್ನು ಎರಡೆರಡು ಸಲ ಬಡಿಸಿಕೊಂಡವರು, ಅವರಲ್ಲಿ ನಾನೂ ಒಬ್ಬ.

ನನಗೆ ಈ ಬಗೆಯ ಕತೆಗಳ ಮೇಲೆ ಅಪನಂಬಿಕೆ ಹುಟ್ಟಿದ್ದು ಬಸ್ಸಿನಲ್ಲಿ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಮೂಡುಬಿದಿರೆಯಿಂದ ನಾರಾವಿಯ ಮೇಲೆ ಬೆಳ್ತಂಗಡಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರನಾಗಿ ಸೇರಿದೆ. ಮುದುಕನಾಗುವವರೆಗೂ ಅಲ್ಲಿಯೇ ಇದ್ದೆ. ಪ್ರಯಾಣಿಕರು ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಗಳನ್ನು ನಿಘಂಟು ಇಟ್ಟುಕೊಂಡು ಓದಿದ್ದೇ ನನ್ನ ಕಾಲೇಜು. ಬೆಳಗ್ಗೆ ಮೂಡುಬಿದಿರೆಯಲ್ಲಿ "ಯಾರೋ ಜಾರಿ ಬಿದ್ದರಂತೆ" ಎಂದು ಬಸ್ಸು ಹತ್ತಿದ ಸುದ್ದಿ, ಬೆಳ್ತಂಗಡಿಯಲ್ಲಿ ಇಳಿಯುವಾಗ ಕಾಲು ಮುರಿದುಕೊಂಡಿರುತ್ತಿತ್ತು. ಸಂಜೆಯ ಟ್ರಿಪ್ಪಿನಲ್ಲಿ ಹಿಂದಿರುಗುವಾಗ ಅದರ ಉತ್ತರಕ್ರಿಯೆಯೂ ಮುಗಿದಿರುತ್ತಿತ್ತು. ಮರುದಿನ ಅದೇ ಮನುಷ್ಯ ಮುಂದಿನ ಬಾಗಿಲಿನಿಂದ ಹತ್ತಿ ಟಿಕೇಟು ಕೇಳಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಆದುದರಿಂದ ಆ ವರ್ಷ ನಡೆದದ್ದನ್ನು, ನಾನು ಕಣ್ಣಾರೆ ಕಂಡಷ್ಟನ್ನು, ಕಂಡವರಿಂದಲೇ ಕೇಳಿದಷ್ಟನ್ನು ಮಾತ್ರ, ಇಲ್ಲಿ ಬರೆದಿಡುತ್ತೇನೆ. ನಮ್ಮ ಮಾತುಕತೆಯೆಲ್ಲ ತುಳುವಿನಲ್ಲಿ ನಡೆದದ್ದು. ಕನ್ನಡಕ್ಕೆ ತಂದವನು ನಾನು.

ನಮ್ಮ ಊರಿನಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಫೋನಿನಲ್ಲಿ ಮಾತನಾಡಬೇಕಾದರೆ ರಬ್ಬರು ತೋಟದ ಮೇಲಿನ ಪಾದೆಕಲ್ಲು ಎಂಬ ಬೋಳುಬಂಡೆಯವರೆಗೆ ಏರಬೇಕಾಗಿತ್ತು. ಕೇಬಲ್ ಟಿವಿಯ ಲೋಕೇಶ ಮರದಿಂದ ಮರಕ್ಕೆ ತಂತಿ ಎಳೆದು ಮನೆಮನೆಗೆ ಇಂಟರ್ನೆಟ್ ತಂದ ಮೇಲೆ ಎಲ್ಲರ ಜಗಲಿಯಲ್ಲೂ ಒಂದೇ ನಮೂನೆಯ ಬಿಳಿಯ ಪೆಟ್ಟಿಗೆ ಬಂತು. ರೂಟರ್ ಎಂಬುದು ಅದರ ಹೆಸರಾದರೂ ನಮ್ಮಲ್ಲಿ ಎಲ್ಲರೂ ಅದನ್ನು ಪೆಟ್ಟಿಗೆ ಎಂದೇ ಕರೆದರು. ನೆಂಟರು ಬಂದರೆ ಮೊದಲು ಬೆಲ್ಲ, ನೀರು, ಅದರ ಹಿಂದೆಯೇ ವೈಫೈ ಪಾಸ್‌ವರ್ಡು ಕೊಡುವುದು ಊರಿನ ಮರ್ಯಾದೆಯಾಯಿತು. ಪಾಸ್‌ವರ್ಡು ಎಲ್ಲ ಮನೆಗಳಿಗೂ ಒಂದೇ; ಲೋಕೇಶ ತನ್ನ ಮಗಳ ಹೆಸರನ್ನು ಇಟ್ಟಿದ್ದ.

ನಮ್ಮ ಬೇಲಿಯ ಆಚೆಗೆ ಬೀಪಾತುಮ್ಮನ ಮನೆ. ಅವರ ಮಗ ರಫೀಕ್ ಶಾರ್ಜಾದಲ್ಲಿ ಅಂಗಡಿ ಕೆಲಸದಲ್ಲಿದ್ದ. ಸೊಸೆ ನಸೀಮಾ ಬಂಟ್ವಾಳದ ಹುಡುಗಿ. ಶಿಕ್ಷಕರ ತರಬೇತಿ ಮುಗಿಸಿದವಳು, ಆದರೆ ಮದುವೆ, ಬಾಣಂತನಗಳ ನಡುವೆ ಒಂದು ದಿನವೂ ತರಗತಿಯಲ್ಲಿ ನಿಂತವಳಲ್ಲ. ಆ ವರ್ಷ ಅವಳಿಗೆ ಒಂದು ಕೆಲಸ ತಾನಾಗಿಯೇ ಹುಡುಕಿಕೊಂಡು ಬಂತು. ಗಲ್ಫಿನಲ್ಲಿ ಬೆಳೆಯುತ್ತಿರುವ ನಮ್ಮ ಕಡೆಯ ಮಕ್ಕಳಿಗೆ ಕನ್ನಡ ಓದಲು ಬರೆಯಲು ಬರುವುದಿಲ್ಲವೆಂದು ಅಲ್ಲಿಯ ಹಿರಿಯರಿಗೆ ಚಿಂತೆಯಾಗಿ, ಸಂಜೆ ವಿಡಿಯೋದಲ್ಲಿ ಪಾಠ ಮಾಡುವಂತೆ ನಸೀಮಾಳನ್ನು ಕೇಳಿಕೊಂಡಿದ್ದರು. ಅವಳು ಪಾಠ ಮಾಡುವುದನ್ನು ನಾನು ಬೇಲಿಯ ಈಚೆಯಿಂದ ಕೇಳುತ್ತಿದ್ದೆ. ಕೆಲವು ಸಲ ತಿದ್ದಲು ಬಾಯಿ ತೆರೆಯುತ್ತಿದ್ದೆ. ಅವಳು ಕ್ಯಾಮೆರಾದ ಹೊರಗೆ ಕೈ ಚಾಚಿ "ಸುಮ್ಮನಿರಿ" ಎಂದು ಸನ್ನೆ ಮಾಡುತ್ತಿದ್ದಳು.

ಮೇ ತಿಂಗಳ ಒಂದು ಸಂಜೆ ಅವಳು ಮಕ್ಕಳ ಕಥೆಗಳ ಒಂದು ಹಳೆಯ ಜಾಲತಾಣವನ್ನು ತೆರೆದು, ಅದನ್ನು ಎಲ್ಲ ಮಕ್ಕಳ ಪರದೆಗೂ ತೋರಿಸಿದಳು. ಮೊಲ ಬರಬೇಕಾದ ಜಾಗದಲ್ಲಿ ಇಸ್ಪೀಟಿನ ಜೂಜಾಟದ ಪುಟ ಬಂತು. ಹೊಳೆಯುವ ಸೀರೆಯುಟ್ಟ ಒಬ್ಬಳು ಕಾರ್ಡುಗಳನ್ನು ಗಾಳಿಯಲ್ಲಿ ತೂರುತ್ತಿದ್ದಳಂತೆ. ಮಕ್ಕಳಿಗೆ ಪರಮಾನಂದ. "ಟೀಚರ್, ಇನ್ನೊಮ್ಮೆ ತೋರಿಸಿ!" ಎಂದು ಕೂಗಿದರಂತೆ. ಅವಳು ಮುಚ್ಚಿ ತೆರೆದರೂ ಅದೇ ಸೀರೆ, ಅದೇ ಇಸ್ಪೀಟು.

ಆ ಹೊತ್ತಿಗೆ ಒಬ್ಬ ಹುಡುಗಿಯ ಹಿಂದೆ ಅವಳ ತಂದೆ ಹಮೀದಾಕ ನಿಂತಿದ್ದರು. ಹಮೀದಾಕ ಎಂದರೆ ಆ ತರಗತಿಯ ಹೆತ್ತವರಿಗೆಲ್ಲ ಮುಖ್ಯಸ್ಥರು. ಎಲ್ಲರೂ ಅವರ ಮಾತಿಗೆ ತಲೆದೂಗುವವರು. ಅವರು ನಸೀಮಾಳ ಜೊತೆ ಮಾತನಾಡದೆ ರಫೀಕನಿಗೆ ಫೋನು ಮಾಡಿದರು: "ನಿನ್ನ ಹೆಂಡತಿ ಯಾವ ಪುಟಗಳನ್ನೆಲ್ಲ ನೋಡ್ತಾಳೆ ಅಂತ ನಮಗೆ ಗೊತ್ತಾಗಬೇಕು. ಬರುವ ಭಾನುವಾರ ನಮ್ಮೆಲ್ಲರ ಎದುರು ಒಂದು ಪಾಠ ಮಾಡಿ ತೋರಿಸಲಿ. ಸರಿಯಾದರೆ ಮುಂದುವರಿಸುವ. ಇಲ್ಲದಿದ್ದರೆ ಬೇರೆಯವರನ್ನು ನೋಡ್ತೇವೆ."

ಓದಿದ್ದಕ್ಕೆ ಸಿಕ್ಕ ಮೊದಲ ಕೆಲಸ ಹೀಗೆ ಇಸ್ಪೀಟಿನ ಎಲೆಗಳ ಮೇಲೆ ನಿಂತಿತು. ಕೆಲಸಕ್ಕಿಂತ ದೊಡ್ಡದು ಅವಳ ಹೆಸರು.

ವಿವರಣೆಗಳು ಮಾತ್ರ ಧಾರಾಳವಾಗಿ ಬಂದವು. "ರಾತ್ರಿ ಹಗಲು ಉಜ್ಜಿ ಉಜ್ಜಿ ಮೊಬೈಲಿನ ತಲೆ ಕೆಟ್ಟದ್ದು" ಎಂದರು ಬೀಪಾತುಮ್ಮ. ಲೋಕೇಶ ತನ್ನ ಬೈಕಿನಿಂದ ಇಳಿಯದೆಯೇ, "ಅವರು ಎಂತದೋ ಒತ್ತಿದ್ದಾರೆ" ಎಂದು ತೀರ್ಪು ಕೊಟ್ಟ. ನಸೀಮಾ ಬೇಲಿಯ ಹತ್ತಿರ ಬಂದಳು, ಅತ್ತಿರಲಿಲ್ಲ, ಉರಿಯುತ್ತಿದ್ದಳು.

"ಮಾಮ, ನಾನು ಒತ್ತಿದ್ದು ಮೊಲವನ್ನು. ಬಂದದ್ದು ಅವಳು. ಇದಕ್ಕೆ ನಾನು ಹೇಗೆ ಜವಾಬ್ದಾರಿ?"

"ನೀನು ಹೇಳಿದ್ದನ್ನೂ ನಾನು ಈಗಲೇ ನಂಬುವುದಿಲ್ಲ," ಎಂದೆ. "ಅವರು ಹೇಳಿದ್ದನ್ನೂ ನಂಬುವುದಿಲ್ಲ. ಮೊಬೈಲು ತೆಗೆದುಕೊ, ಪಾದೆಕಲ್ಲಿಗೆ ಹೋಗುವ."

ಬೀಪಾತುಮ್ಮ ತಾನೂ ಸಾಕ್ಷಿಯಾಗಿ ಬರುತ್ತೇನೆಂದು ಎಲೆಯಡಿಕೆಯ ಚೀಲ ಹಿಡಿದು ಹೊರಟರು. ಮಂಡಿನೋವಿನ ಆ ಹೆಂಗಸು ರಬ್ಬರು ಗುಡ್ಡ ಹತ್ತಿದ್ದು ಸೊಸೆಯ ತಪ್ಪು ಕಾಣಲೆಂದೋ, ಕಾಣದಿರಲಿ ಎಂದೋ, ಎಂಬುದನ್ನು ನಾನು ಈಗಲೂ ಖಚಿತವಾಗಿ ಹೇಳಲಾರೆ. ಮೇಲೆ, ಮೊಬೈಲಿನ ಸ್ವಂತ ಸಿಗ್ನಲಿನಲ್ಲಿ ನಸೀಮಾ ಅದೇ ಪುಟ ತೆರೆದಳು. ಮೊಲ ಬಂತು, ಅದರ ಹಿಂದೆ ಆಮೆಯೂ ಬಂತು. ಕೆಳಗಿಳಿದು ಅವಳ ಮನೆಯ ವೈಫೈಯಲ್ಲಿ ತೆರೆದರೆ ಸೀರೆಯವಳು ಹಾಜರು. ನನ್ನ ಮೊಬೈಲನ್ನು ಅದೇ ವೈಫೈಗೆ ಸೇರಿಸಿದೆ, ಅಲ್ಲಿಯೂ ಅವಳೇ. ಕೊನೆಗೆ ನಮ್ಮ ಮನೆಗೆ ಬಂದು ನಮ್ಮ ಪೆಟ್ಟಿಗೆಯಿಂದ ತೆರೆದೆ. ನಮ್ಮ ಮನೆಯಲ್ಲಿಯೂ ಆಕೆ ಇಸ್ಪೀಟು ತೂರುತ್ತಿದ್ದಳು.

"ಹಾಗಾದರೆ ಮೊಬೈಲು ಪಾಪದ್ದು, ಅದರ ತಪ್ಪು ಎಂತದೂ ಇಲ್ಲ," ಎಂದರು ಬೀಪಾತುಮ್ಮ. ಸೊಸೆಯ ಕುರಿತು ಏನನ್ನೂ ಹೇಳಲಿಲ್ಲ. ಆದರೆ ಆ ಸಂಜೆ ಚಹಾ ಮಾಡಿದ್ದು ಅವರೇ.

ಲೋಕೇಶನನ್ನು ಬೈಕಿನಿಂದ ಇಳಿಸಿ ಜಗಲಿಯಲ್ಲಿ ಕೂರಿಸಿದೆ. ಇಷ್ಟನ್ನೂ ತೋರಿಸಿದ ಮೇಲೆ ಅವನು ಕಿವಿಯ ಹಿಂದೆ ತುರಿಸಿಕೊಂಡ.

"ದೂಮಣ್ಣ, ಪೆಟ್ಟಿಗೆ ಕೊಡುವ ಡೀಲರು ಒಂದು ಮೆಸೇಜು ಹಾಕಿದ್ದ. ಇಂಗ್ಲಿಷಿನಲ್ಲಿ. ಪೆಟ್ಟಿಗೆಯಲ್ಲಿ ಎಂತದೋ ದೋಷ ಉಂಟಂತೆ, 'ಕ್ರಿಟಿಕಲ್' ಅಂತ ಕೆಂಪು ಅಕ್ಷರ ಇತ್ತು."

"ಮತ್ತೆ ನೀನು ಎಂತ ಮಾಡಿದೆ?"

"ಅವರು ದಿನಾ ಕೆಂಪಿನಲ್ಲೇ ಬರೀತಾರೆ ಮಾರಾಯ್ರೆ. ಆಫರ್ ಇದ್ರೂ ಕೆಂಪು, ಹಬ್ಬದ ಶುಭಾಶಯಕ್ಕೂ ಕೆಂಪು."

ಹೊಸ ಪೆಟ್ಟಿಗೆ ಮಾರಲು ಹೂಡಿದ ಉಪಾಯ ಇದಾಗಿರಬಹುದೆಂದು ನನಗೆ ಮೊದಲು ಅನಿಸಿತು. ಡೀಲರು ಹೇಳಿದ್ದನ್ನು ಲೋಕೇಶ ಹೇಳಿ, ಲೋಕೇಶ ಹೇಳಿದ್ದನ್ನು ನಾನು ನಂಬುವುದು ಬಸ್ಸಿನ ಸುದ್ದಿಯನ್ನು ನಂಬಿದ ಹಾಗೆಯೇ. ತಯಾರಿಸಿದವರೇ ಏನು ಬರೆದಿದ್ದಾರೆಂದು ನೋಡಬೇಕು. ಅದನ್ನು ನಮ್ಮ ಪೆಟ್ಟಿಗೆಯ ಮೂಲಕವೇ ನೋಡಿದರೆ ಆರೋಪಿಯ ಬಾಯಿಂದಲೇ ಸಾಕ್ಷಿ ಹೇಳಿಸಿದಂತಾಗುತ್ತದೆ. ಆದುದರಿಂದ ಮರುದಿನ ಬೆಳಗ್ಗಿನ ಬಸ್ಸು ಹಿಡಿದು ಮೂಡುಬಿದಿರೆಗೆ ಹೋಗಿ, ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕುಳಿತು, ತಯಾರಕರ ಪ್ರಕಟಣೆಯನ್ನು ನಿಘಂಟಿನ ಸಹಾಯದಿಂದ ಸಾಲುಸಾಲಾಗಿ ಓದಿದೆ. ಅಂಗಡಿಯವನು ಎರಡು ಸಲ ಕೆಮ್ಮಿದ. ನಾನು ಮೇಲೆ ನೋಡಲಿಲ್ಲ.

ಡೀಲರು ಸುಳ್ಳು ಹೇಳಿರಲಿಲ್ಲ. ನನ್ನ ಸಂಶಯ ಆ ಮಟ್ಟಿಗೆ ಸೋತಿತು. ಸೋತದ್ದಕ್ಕೆ ಬೇಸರವಾಗಲಿಲ್ಲ, ಏಕೆಂದರೆ ಈಗ ವಿಷಯ ನನ್ನ ಕೈಯಲ್ಲಿತ್ತು. ಪೆಟ್ಟಿಗೆಯ ಒಳಗಿನ ಏರ್ಪಾಡುಗಳನ್ನು ದೂರದಿಂದಲೇ ಬದಲಿಸಲು ಒಂದು ಹಿಂಬಾಗಿಲು ಇರುತ್ತದೆ. ಲೋಕೇಶ ತನ್ನ ಅನುಕೂಲಕ್ಕಾಗಿ ಅದನ್ನು ಎಲ್ಲ ಮನೆಗಳಲ್ಲೂ ತೆರೆದಿಟ್ಟಿದ್ದ. ತಯಾರಿಕೆಯಲ್ಲಿ ಉಳಿದುಹೋದ ಒಂದು ದೋಷದಿಂದಾಗಿ, ಪಾಸ್‌ವರ್ಡು ಗೊತ್ತಿಲ್ಲದವನೂ ಆ ಬಾಗಿಲಿನಿಂದ ಒಳಗೆ ಬರಬಹುದಾಗಿತ್ತು. ಬಂದವನು ಮಾಡಿದ್ದು ಇಷ್ಟೇ. ನಾವು ಒಂದು ಪುಟದ ಹೆಸರು ಹೇಳಿದರೆ, ಅದು ಎಲ್ಲಿದೆಯೆಂದು ಪೆಟ್ಟಿಗೆ ಮತ್ತೊಬ್ಬರನ್ನು ಕೇಳುತ್ತದೆ. ದಾರಿ ಹೇಳುವ ಆ ಮತ್ತೊಬ್ಬರ ಜಾಗದಲ್ಲಿ ಅವನು ತನ್ನವನನ್ನು ಕೂರಿಸಿದ್ದ. ಬಸ್ಸಿನ ಭಾಷೆಯಲ್ಲಿ ಹೇಳುವುದಾದರೆ, ಯಾರೋ ಬೋರ್ಡು ಬದಲಿಸಿದ್ದರು. ನಾರಾವಿ ಎಂದು ಬರೆದ ಬಸ್ಸನ್ನು ನಂಬಿ ಹತ್ತಿದವರು ಬೇರೆಲ್ಲೋ ಇಳಿಯುತ್ತಿದ್ದರು. ಬ್ಯಾಂಕಿನಂತಹ ಬೀಗವಿರುವ ಪುಟಗಳಲ್ಲಿ ಎಚ್ಚರಿಕೆಯಾದರೂ ಬರುತ್ತದೆ. ಮಕ್ಕಳ ಕಥೆಯ ಹಳೆಯ ಪುಟಕ್ಕೆ ಬೀಗ ಯಾರು ಹಾಕಿರುತ್ತಾರೆ?

ಪರಿಹಾರವನ್ನೂ ಅವರು ಬರೆದಿದ್ದರು. ಪೆಟ್ಟಿಗೆಯ ಒಳಗಿನ ತಂತ್ರಾಂಶವನ್ನು ಹೊಸದಾಗಿ ತುಂಬಬೇಕು, ಹಿಂಬಾಗಿಲು ಮುಚ್ಚಬೇಕು, ಎಲ್ಲ ಪಾಸ್‌ವರ್ಡುಗಳನ್ನು ಬದಲಿಸಬೇಕು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು: ತುಂಬುತ್ತಿರುವಾಗ ಯಾವ ಕಾರಣಕ್ಕೂ ವಿದ್ಯುತ್ತನ್ನು ನಿಲ್ಲಿಸಬಾರದು.

ಆ ಸಾಲನ್ನು ಬರೆದವರು ನಮ್ಮ ಕಡೆಯ ಮೇ ತಿಂಗಳನ್ನು ಕಂಡವರಲ್ಲ. ಮಳೆಗಾಲಕ್ಕೆ ಮೊದಲು ತಂತಿಗೆ ತಾಗುವ ಕೊಂಬೆಗಳನ್ನು ಕಡಿಯಲು ಬೆಳಗ್ಗೆಯಿಂದ ಲೈನ್‌ಮ್ಯಾನ್‌ಗಳು ಕರೆಂಟು ತೆಗೆಯುತ್ತಾರೆ. ಮಧ್ಯಾಹ್ನ ಕಳೆದು ಕರೆಂಟು ಬರುವಾಗ ಮೂಡಣ ಘಟ್ಟದಲ್ಲಿ ಗುಡುಗು ಶುರುವಾಗುತ್ತದೆ. ಮೊದಲ ಗುಡುಗು ಕೇಳಿದೊಡನೆ ಮನೆಯಲ್ಲಿದ್ದವರು ಟಿವಿ, ಫ್ರಿಜ್ಜು, ಪೆಟ್ಟಿಗೆ, ಎಲ್ಲದರ ಪ್ಲಗ್ಗನ್ನೂ ಕಿತ್ತು ಬಿಡುತ್ತಾರೆ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೈ ತಾನಾಗಿಯೇ ಹೋಗುತ್ತದೆ. ಇನ್ವರ್ಟರ್ ಇದ್ದ ಮನೆಗಳಲ್ಲಿ ಅದನ್ನೂ ಕಿತ್ತಿಡುತ್ತಾರೆ.

ಲೋಕೇಶ ತನ್ನ ಲ್ಯಾಪ್‌ಟಾಪು ತಂದ. ಏನಾದರೂ ಕೆಟ್ಟರೆ ನಸೀಮಾಳದ್ದು ಕೆಡುವುದು ಬೇಡವೆಂದು, ಮೊದಲ ಪ್ರಯೋಗ ನಮ್ಮ ಪೆಟ್ಟಿಗೆಯ ಮೇಲೆಯೇ ಆಗಲಿ ಎಂದೆ. ಅರ್ಧದಷ್ಟು ತುಂಬಿತ್ತು. ಘಟ್ಟದ ಕಡೆಯಿಂದ ಸಣ್ಣದೊಂದು ಸದ್ದು ಬಂತು, ಯಾರೋ ಅಟ್ಟದ ಮೇಲೆ ಹಂಡೆ ಉರುಳಿಸಿದಷ್ಟು. ಅಡಿಗೆಮನೆಯಲ್ಲಿದ್ದ ನನ್ನ ಹೆಂಡತಿ ಸುನಂದಾ ಸೌಟು ಹಿಡಿದೇ ಬಂದು, ನಮ್ಮಿಬ್ಬರ ನಡುವೆ ಕೈಹಾಕಿ, ಪ್ಲಗ್ಗು ಕಿತ್ತು, ಮತ್ತೆ ಒಳಗೆ ಹೋದಳು.

"ಸುನಂದಾ!"

"ಎಂತ ಸುನಂದಾ? ನಾನಾದ ಕಾರಣ ನೋಡಿದೆ. ನೀವಿಬ್ಬರೂ ಪೆಟ್ಟಿಗೆಯ ಮುಂದೆ ಕೂತು ಗುಡುಗು ಕೇಳ್ತಾ ಇದ್ರಿ!"

ನಮ್ಮ ಪೆಟ್ಟಿಗೆ ಮತ್ತೆ ಕಣ್ಣು ಬಿಡಲಿಲ್ಲ. ಒಂದೇ ಒಂದು ಕೆಂಪು ದೀಪ ಮಿಣುಕುತ್ತಾ ಉಳಿಯಿತು. ಸಿಡಿಲಿನಿಂದ ಹಾಳಾಯಿತೆಂದು ಊರಿನವರು ಹೇಳುವ ಪೆಟ್ಟಿಗೆಗಳ ಪೈಕಿ ನಿಜವಾಗಿ ಹಾಳಾದದ್ದು ಇದೊಂದೇ, ಮತ್ತು ಅದನ್ನು ಬಡಿದ ಸಿಡಿಲಿನ ಹೆಸರು ಸುನಂದಾ. ಭಾನುವಾರ ಹತ್ತಿರವಾಗುತ್ತಿತ್ತು.

ಬೇಲಿಯಾಚೆಯಿಂದ ನಸೀಮಾ ಇದನ್ನೆಲ್ಲ ನೋಡಿದಳು. ಆಮೇಲೆ ಕೇಳಿದಳು: "ಲೋಕೇಶಣ್ಣ, ಇದನ್ನು ತುಂಬಲಿಕ್ಕೆ ಇಂಟರ್ನೆಟ್ ಬೇಕಾ, ಬರೀ ಕರೆಂಟು ಸಾಕಾ?"

"ಫೈಲು ನನ್ನಲ್ಲಿ ಉಂಟು. ಕರೆಂಟು ಸಾಕು."

"ಹಾಗಾದರೆ ಪೆಟ್ಟಿಗೆಯನ್ನೇ ಕರೆಂಟು ಇರುವಲ್ಲಿಗೆ ತೆಗೆದುಕೊಂಡು ಹೋಗುವ. ಶನಿವಾರ ವಸಂತಣ್ಣನ ಮನೆಯಲ್ಲಿ ಮೆಹಂದಿ ಅಲ್ವಾ? ಐಸ್‌ಕ್ರೀಮಿನ ಫ್ರೀಜರಿಗೆ ಅಂತ ಬೆಳಗ್ಗೆಯಿಂದಲೇ ಜನರೇಟರು ಓಡ್ತದೆ."

ನಾನೂ ಲೋಕೇಶನೂ ಮುಖಮುಖ ನೋಡಿಕೊಂಡೆವು. ವಸಂತಣ್ಣ ನಮ್ಮ ಕೆಳಗಿನ ಮನೆಯವರು. ಭಾನುವಾರ ಅವರ ಮಗಳ ಮದುವೆ ಬೆಳ್ತಂಗಡಿಯ ಸಭಾಭವನದಲ್ಲಿ, ಹಿಂದಿನ ದಿನದ ಮೆಹಂದಿ ಮನೆಯಂಗಳದಲ್ಲಿ. ಊರಿನವರೆಲ್ಲ ಹೇಗೂ ಅಲ್ಲಿಗೆ ಬರುವವರೇ.

ನಮ್ಮಲ್ಲಿ ಮದುವೆಮನೆಗೆ ಬರಿಗೈಯಲ್ಲಿ ಹೋಗುವ ಕ್ರಮವಿಲ್ಲ. ಒಬ್ಬರು ದೊಡ್ಡ ಪಾತ್ರೆ ತರುತ್ತಾರೆ, ಇನ್ನೊಬ್ಬರು ತೆಂಗಿನಕಾಯಿ ತುರಿಯುವ ಮಣೆ ತರುತ್ತಾರೆ. ಹಿಂದಿರುಗುವಾಗ ಅದಲುಬದಲಾಗದಂತೆ ತಳದಲ್ಲಿ ಪೈಂಟಿನ ಗುರುತು ಇರುತ್ತದೆ. ಆ ಶನಿವಾರ ಪಾತ್ರೆಗಳ ಜೊತೆಗೆ ಪೆಟ್ಟಿಗೆಗಳೂ ಬಂದವು: ಸಂಚಿಯಲ್ಲಿ, ಬುಟ್ಟಿಯಲ್ಲಿ, ಒಬ್ಬರದ್ದು ಮಲ್ಲಿಗೆಯ ಚೆಂಡಿನ ಜೊತೆ ಬಾಳೆಲೆಯಲ್ಲಿ. ಎಲ್ಲವೂ ಒಂದೇ ಮುಖದವು. ಯಾರದ್ದು ಯಾರದೆಂದು ಗೊಂದಲವಾಗುವ ಮೊದಲೇ ನಸೀಮಾ ಮದುಮಗಳ ಉಗುರುಬಣ್ಣ ತರಿಸಿ ಪ್ರತಿಯೊಂದರ ತಳದಲ್ಲೂ ಆಯಾ ಮನೆಯ ಪಾತ್ರೆಯ ಗುರುತನ್ನೇ ಬರೆದಳು. ಚಪ್ಪರದ ಮೂಲೆಯಲ್ಲಿ, ಐಸ್‌ಕ್ರೀಮಿನ ಫ್ರೀಜರಿಗೆ ತಾಗಿದಂತೆ, ಲೋಕೇಶನ ಮೇಜು. ಒಂದು ಪೆಟ್ಟಿಗೆ ತುಂಬಲು ಒಂದು ವೀಳ್ಯ ಮೆಲ್ಲುವಷ್ಟು ಹೊತ್ತು ಬೇಕಾಗುತ್ತಿತ್ತು.

ಹೊಸ ಪಾಸ್‌ವರ್ಡಿನ ವಿಷಯದಲ್ಲಿ ಮಾತ್ರ ನಾನು ಸೋಲುವುದರಲ್ಲಿದ್ದೆ. ಇನ್ನು ಮುಂದೆ ಒಂದೊಂದು ಮನೆಗೆ ಒಂದೊಂದು, ಗುಟ್ಟಿನಲ್ಲಿ, ಎಂದು ನಾನು ಘೋಷಿಸಿ ಮುಗಿಸುವ ಮೊದಲೇ ಮದುಮಗಳ ಅಜ್ಜಿ ಕಮಲಕ್ಕ ಅಂಗಳದ ಆಚೆಯಿಂದ ಕೂಗಿದರು: "ಲೋಕೇಶಾ, ನಮ್ಮದಕ್ಕೆ ನಮ್ಮ ಗೌರಿ ದನದ ಹೆಸರು ಹಾಕು!"

"ಕಮಲಕ್ಕ, ಅದನ್ನು ಯಾರಿಗೂ ಕೇಳದ ಹಾಗೆ ಹೇಳಬೇಕು."

"ಯಾಕೆ? ಗೌರಿ ಯಾರಿಗೆ ಗೊತ್ತಿಲ್ಲ?"

ಆಮೇಲೆ ಒಬ್ಬೊಬ್ಬರನ್ನೂ ಮೇಜಿನ ಬಳಿಗೆ ಕರೆದು ಲೋಕೇಶನ ಕಿವಿಯಲ್ಲಿ ಹೇಳಿಸಿದೆ. ದೂರದಿಂದ ನೋಡಿದವರಿಗೆ ಅದು ಏನೋ ಸಂಬಂಧ ಕುದುರಿಸುವ ಮಾತಿನಂತೆ ಕಂಡಿರಬೇಕು, ಇಬ್ಬರು ಬಂದು "ಹುಡುಗ ಯಾರು?" ಎಂದು ವಿಚಾರಿಸಿದರು.

ನಸೀಮಾಳ ಪೆಟ್ಟಿಗೆಯ ಸರದಿ ಬಂದಾಗ ಅಂಗಳದಲ್ಲಿ ಬೆಳಕು ಕಂದಿತು. ಅರ್ಧ ತುಂಬಿರುವಾಗ ಗುಡುಗಿತು. ಈ ಸಲದ್ದು ಹಂಡೆಯಲ್ಲ, ಚಪ್ಪರವೇ ನಡುಗಿತು. ಕಾಯಿ ತುರಿಯುತ್ತಿದ್ದವರು, ಹೂ ಕಟ್ಟುತ್ತಿದ್ದವರು ಒಟ್ಟಿಗೆ ಎದ್ದರು. ಎಲ್ಲರ ಕೈಯೂ ಒಂದೇ ದಿಕ್ಕಿಗೆ. ನಾನು ನನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಸ್ವಿಚ್‌ಬೋರ್ಡಿನ ಮುಂದೆ ಹಾಕಿ ಕುಳಿತೆ.

"ಏಳಿ ದೂಮಣ್ಣ, ಸಿಡಿಲು ಬರ್ತದೆ!" ಎಂದರು ಕಮಲಕ್ಕ.

"ಇದು ಜನರೇಟರಿನ ಕರೆಂಟು ಕಮಲಕ್ಕ. ಕಂಬದ ತಂತಿಯಿಂದ ಬಂದದ್ದಲ್ಲ."

"ಸಿಡಿಲಿಗೆ ಅದೆಲ್ಲ ಗೊತ್ತುಂಟಾ? ಅದು ನಿಮ್ಮಷ್ಟು ಓದಿದೆಯಾ?"

ಎಲ್ಲರೂ ನಕ್ಕರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕಮಲಕ್ಕ ನನ್ನ ಹೆಗಲ ಮೇಲಿನಿಂದ ಕೈ ಚಾಚುವಷ್ಟರಲ್ಲಿ ಇನ್ನೊಂದು ಕುರ್ಚಿ ನೆಲವನ್ನು ಕೆರೆಯುತ್ತಾ ಬಂತು. ಬೀಪಾತುಮ್ಮ ನನ್ನ ಪಕ್ಕದಲ್ಲಿ, ಬೋರ್ಡಿಗೆ ಬೆನ್ನುಕೊಟ್ಟು, ಮಂಡಿ ಹಿಡಿದುಕೊಂಡು ಕುಳಿತರು.

"ಕಮಲಾ, ಅದು ನನ್ನ ಸೊಸೆಯ ಪೆಟ್ಟಿಗೆ. ಅವಳಿಗೆ ನಾಳೆ ಪಾಠ ಉಂಟು. ಮುಗಿಯುವವರೆಗೆ ಯಾರೂ ಮುಟ್ಟಬಾರದು."

"ನಿಮಗೆ ಸಿಡಿಲು ಬಡಿದರೆ?"

"ಬಡಿದರೆ ದೂಮಣ್ಣನಿಗೂ ಬಡೀತದೆ. ಒಳ್ಳೆಯ ಜೊತೆ ಉಂಟು. ನೀನು ಎಲೆಯಡಿಕೆ ಕೊಡು."

ಕಮಲಕ್ಕ ಒಂದು ಕ್ಷಣ ನೋಡಿ, ಎಲೆಯಡಿಕೆಯ ತಟ್ಟೆ ತಂದು ತಾವೂ ಎದುರು ಕುಳಿತರು. ಮಳೆ ಸುರಿಯಿತು. ಮೂವರೂ ಮೆಲ್ಲುತ್ತಾ ಕುಳಿತೆವು. ಲೋಕೇಶನ ಪರದೆಯ ನೀಲಿ ಗೀಟು ಒಂದೊಂದೇ ಕೂದಲೆಳೆ ಸರಿದು, ಕೊನೆ ಮುಟ್ಟಿ, ಪೆಟ್ಟಿಗೆಯ ಹಸಿರು ದೀಪಗಳು ಸಾಲಾಗಿ ಹೊತ್ತಿಕೊಂಡವು. ನಸೀಮಾ ಅತ್ತೆಯನ್ನು ನೋಡಿದಳು. ಅತ್ತೆ ಮಳೆಯನ್ನು ನೋಡುತ್ತಿದ್ದರು.

ಭಾನುವಾರ ಸಂಜೆ ಆಕಾಶ ತಿಳಿಯಾಗಿತ್ತು. ಮದುವೆಯಿಂದ ಹಿಂದಿರುಗಿದವರು ಬೀಪಾತುಮ್ಮನ ಅಂಗಳದಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ, ನೆಲದಲ್ಲಿ ಕುಳಿತಿದ್ದರು. ನಸೀಮಾ ಪುಟ ತೆರೆದಳು. ಮೊಲ ಬಂತು. ಮಕ್ಕಳಲ್ಲಿ ಯಾರೋ "ಅಯ್ಯೋ, ಇವತ್ತು ಮೊಲವಾ?" ಎಂದು ನಿರಾಶೆಯಿಂದ ಹೇಳಿದ್ದು ಹೊರಗೆ ನಮಗೂ ಕೇಳಿಸಿತು.

ಆಗ ಹಮೀದಾಕರ ಗಟ್ಟಿ ಸ್ವರ: "ಇವತ್ತು ಬರಲಿಲ್ಲ, ಸರಿ. ಇನ್ನು ಯಾವತ್ತೂ ಬರುವುದಿಲ್ಲ ಅಂತ ಗ್ಯಾರಂಟಿ ಉಂಟಾ?"

"ಉಂಟು" ಎಂದು ಬಿಡು ಮಗಳೇ ಎಂದು ನಾನು ಮನಸ್ಸಿನಲ್ಲಿಯೇ ಹೇಳಿದೆ. ಜೀವಮಾನವಿಡೀ ಸಂಶಯಪಟ್ಟವನು ಆ ಒಂದು ಕ್ಷಣ ಸುಳ್ಳಿಗೆ ಸಿದ್ಧನಾಗಿದ್ದೆ.

"ಇಲ್ಲ ಹಮೀದಾಕ," ಎಂದಳು ನಸೀಮಾ. "ಗ್ಯಾರಂಟಿ ಕೊಡ್ಲಿಕ್ಕೆ ಆಗುವುದಿಲ್ಲ. ಇನ್ನೊಂದು ದೋಷ ನಾಳೆ ಸಿಗಬಹುದು. ಸಿಕ್ಕಿದರೆ ಎಲ್ಲಿ ನೋಡಬೇಕು, ಎಂತ ಮಾಡಬೇಕು ಅಂತ ನಮಗೆ ಈಗ ಗೊತ್ತುಂಟು." ಮತ್ತೆ ಅವಳೇ ಕೇಳಿದಳು: "ನಿಮ್ಮ ಮನೆಯಲ್ಲಿ ಯಾವ ಪೆಟ್ಟಿಗೆ ಉಂಟು?"

"ನಮ್ಮದಾ?"

"ಹೌದು. ಇವತ್ತಿನ ಪಾಠ ಅದೇ. ಮಕ್ಕಳೇ, ಎಲ್ಲರೂ ನಿಮ್ಮ ಮನೆಯ ವೈಫೈ ಪೆಟ್ಟಿಗೆಯ ಚಿತ್ರ ಬರೆಯಿರಿ. ಅದರ ಒಂದೊಂದು ಭಾಗಕ್ಕೂ ಕನ್ನಡದಲ್ಲಿ ಹೆಸರು ಬರೆಯಬೇಕು. ದೊಡ್ಡವರು ಅದರ ಹಿಂಬದಿಯ ಚೀಟಿ ನೋಡಿ ನನಗೆ ಓದಿ ಹೇಳಬೇಕು."

ಪರದೆಯ ಆಚೆ ಕುರ್ಚಿ ಎಳೆಯುವ ಸದ್ದು. ಯಾರೋ ಕಪಾಟಿನ ಮೇಲೆ ಕೈಯಾಡಿಸಿ ಧೂಳಿಗೆ ಸೀನಿದರು. ಮಕ್ಕಳು ಕೂಗಿ ಕೂಗಿ ಹೆಸರಿಡತೊಡಗಿದರು: ದೀಪ, ತಂತಿ, ತೂತು. ಮೇಲೆ ಎದ್ದುನಿಂತ ಕಡ್ಡಿಗಳಿಗೆ ಒಬ್ಬಳು "ಕೊಂಬು" ಎಂದಳು. ಇನ್ನೊಬ್ಬ "ಕಿವಿ" ಎಂದು ಜಗಳಕ್ಕೆ ನಿಂತ. ನಸೀಮಾ ಹೇಳಿಕೊಟ್ಟಂತೆ ಹಮೀದಾಕ ಚೀಟಿಯನ್ನು ಓದಿದರು, ಮೊಬೈಲಿನಲ್ಲಿ ತಮ್ಮ ಪೆಟ್ಟಿಗೆಯ ಏರ್ಪಾಡುಗಳ ಪುಟ ತೆರೆದು ನೋಡಿದರು. ಮತ್ತೆ ಮಾತನಾಡಿದಾಗ ಆ ಸ್ವರದಲ್ಲಿ ಗಟ್ಟಿತನ ಉಳಿದಿರಲಿಲ್ಲ.

"ಟೀಚರ್, ನಮ್ಮದರಲ್ಲೂ ಹಿಂಬಾಗಿಲು ತೆರೆದೇ ಉಂಟು. ಈಗ ಎಂತ ಮಾಡುವುದು?"

"ಮುಚ್ಚುವ ಹಮೀದಾಕ," ಎಂದಳು ನಸೀಮಾ. "ಸ್ವಲ್ಪ ಕೂತುಕೊಳ್ಳಿ. ಮೊದಲು ಮಕ್ಕಳು ಬರೆದು ಮುಗಿಸಲಿ."